ಕೊಡವಿದ ಜೇಬು

ನಮ್ಮ ಅತ್ತಿಗೆ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಪ್ರೀತಿಯಿಂದ, "ಜಡೆ ಚೆನ್ನಾಗಿದೆ ಅತ್ತಿಗೆ" ಅಂದಿದ್ದಕ್ಕೆ, "ಏನು ಬೇಕಿತ್ತು?" ಅಂತ ಕೇಳಿದವಳು. ಹಾಲಿನವನ ಮುಂದೆಯೇ ಪಾತ್ರೆ ಅಲ್ಲಾಡಿಸಿ ನೋಡಿ, ಅವನ ಮುಖವನ್ನೂ ನೋಡಿ, ಆಮೇಲೆ ಒಳಗೆ ಒಯ್ಯುತ್ತಾಳೆ. ಇಂಥವಳ ಜೊತೆ ಹದಿಮೂರು ವರ್ಷ ಒಂದೇ ಅಂಗಡಿಯಲ್ಲಿ ದುಡಿದು ನಾನು ತಲೆ ಕೆಡಿಸಿಕೊಳ್ಳದೆ ಉಳಿದಿದ್ದೇ ಹೆಚ್ಚು.

ನಮ್ಮದು ಲಾಂಡ್ರಿ. ಮುಂದೆ ಕೌಂಟರು, ಅಲ್ಲಿ ನಾನು. ನಡುವೆ ಇಸ್ತ್ರಿ ಮೇಜು, ಅಲ್ಲಿ ಅತ್ತಿಗೆ. ಹಿಂದೆ ಬಟ್ಟೆ ಒಗೆಯುವ ಕೋಣೆ, ಅಲ್ಲಿ ನೊರೆ ಅಕ್ಕ. ಅವಳಿಗೆ ಬೇರೆ ಹೆಸರಿದೆ. ಆದರೆ ಮೊಣಕೈವರೆಗೆ ನೊರೆ ಇಲ್ಲದೆ ಅವಳನ್ನು ಕಂಡವರೇ ಇಲ್ಲವಾದ್ದರಿಂದ ಇಡೀ ಬೀದಿಗೆ ಅವಳು ನೊರೆ ಅಕ್ಕ. ಸಿದ್ಧವಾದ ಬಟ್ಟೆಗಳನ್ನು ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸುವವನು ನನ್ನ ಅಣ್ಣ, ಅಂದರೆ ಅತ್ತಿಗೆಯ ಗಂಡ.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿದೆ. ಬಟ್ಟೆ ನೀರಿಗೆ ಬೀಳುವ ಮುಂಚೆ ನೊರೆ ಅಕ್ಕ ಎಲ್ಲ ಜೇಬುಗಳನ್ನೂ ತಡವಬೇಕು. ಸಿಕ್ಕಿದ್ದು ಹಳೇ ಬಸ್ ಟಿಕೆಟ್ಟೇ ಆದರೂ ಕಂದು ಲಕೋಟೆಗೆ ಹಾಕಿ, ಗಿರಾಕಿಗೆ ಕೊಟ್ಟ ಚೀಟಿಯ ನಂಬರು ಬರೆದು, ಡ್ರಾಯರಿನಲ್ಲಿ ಇಡಬೇಕು. ಇಸ್ತ್ರಿಯಾದ ಮೇಲೆ ಅತ್ತಿಗೆ ಆ ಲಕೋಟೆಯನ್ನು ಅದೇ ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ ಕಳಿಸುತ್ತಾಳೆ. ಅತ್ತಿಗೆ ಮನುಷ್ಯರನ್ನು ಓದುವುದೇ ಈ ಲಕೋಟೆಗಳಿಂದ. ಎದುರು ಮನೆಯ ಗುಮಾಸ್ತ ಮತ್ತೆ ಸಿಗರೇಟು ಹಿಡಿದಿದ್ದು ಅವನ ಹೆಂಡತಿಗಿಂತ ಮೊದಲು ಗೊತ್ತಾಗಿದ್ದು ಇವಳಿಗೆ. ಆದರೆ ಹೊರಗೆ ತುಟಿ ಬಿಚ್ಚುವವಳಲ್ಲ, ಅಷ್ಟನ್ನು ಒಪ್ಪಬೇಕು. ಹದಿಮೂರು ವರ್ಷದಲ್ಲಿ ಒಂದು ಸೂಜಿಯೂ ಕಳೆದಿರಲಿಲ್ಲ.

ಮೊದಲ ಸಲ ಕಳೆದದ್ದು ಕಣ್ಣಿನ ಡಾಕ್ಟರ ಅಂಗಿಯ ಜೇಬಿನಲ್ಲಿದ್ದ, ತೋಳಿಗೆ ಸಿಕ್ಕಿಸುವ ಗುಂಡಿಗಳು. ಚಿನ್ನದವು, ಒಂದು ಜೊತೆ. ಅವರ ತಾಯಿ ಕೊಟ್ಟದ್ದಂತೆ.

"ಲಕೋಟೆಗೆ ಹಾಕಿದೀನಿ ಅಮ್ಮ. ನಂಬರೂ ಬರ್ದಿದೀನಿ," ಅಂದಳು ನೊರೆ ಅಕ್ಕ.

ಡ್ರಾಯರಿನಲ್ಲಿ ಅಂಥ ಲಕೋಟೆಯೇ ಇರಲಿಲ್ಲ. ಅತ್ತಿಗೆ ಡ್ರಾಯರನ್ನು ಬೋರಲು ಹಾಕಿ ನೋಡಿದಳು. ನಾನು ಕೌಂಟರಿನ ಕೆಳಗೆ ತೆವಳಿ ನೋಡಿದೆ. ಡಾಕ್ಟರು ಒಳ್ಳೆಯವರು, ಒಂದು ವಾರ ಕಾಯುತ್ತೇನೆ ಅಂದರು. ಅವರು ಕೂಗಾಡಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಅಂಗಡಿಯ ಗಾಳಿಯೇ ಕೆಟ್ಟಿತು. ನೊರೆ ಅಕ್ಕ ನೀರು ಕುಡಿಯಲು ಎದ್ದರೂ ಅತ್ತಿಗೆಯ ಕಣ್ಣು ಅವಳ ಬೆನ್ನ ಮೇಲೆ. ಬುಧವಾರ ಅವಳು ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದಾಗ ಅತ್ತಿಗೆ ಅವಳ ಚೀಲಕ್ಕೆ ಕೈ ಹಾಕಿದಳು. ಒಂದು ಬಾಚಣಿಗೆ, ಮಂಡಿನೋವಿನ ಮುಲಾಮು, ಖಾಲಿ ಊಟದ ಡಬ್ಬಿ. ಅತ್ತಿಗೆ ತಲೆ ಎತ್ತಿದಾಗ ನೊರೆ ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಅತ್ತಿಗೆ ಚೀಲವನ್ನು ಇದ್ದಲ್ಲೇ ಇಟ್ಟು ಇಸ್ತ್ರಿ ಮೇಜಿಗೆ ಹೋದಳು. ಅವತ್ತು ನಾನು ಅತ್ತಿಗೆಯ ಕಡೆಗಿದ್ದೆ ಅಂತ ಬರೆಯಲು ಈಗ ನಾಚಿಕೆಯಾಗುತ್ತದೆ.

"ಇನ್ನೂ ಏನು ನೋಡ್ತಾ ಕೂತಿದೀಯ? ಮೊದ್ಲು ಅವಳನ್ನ ಕಳಿಸು," ಅಂದ ಅಣ್ಣ.

"ಶನಿವಾರ ಹೇಳ್ತೀನಿ," ಅಂದಳು ಅತ್ತಿಗೆ.

ಶುಕ್ರವಾರ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಮನೆಯಲ್ಲೇ ಒಗೆದ ನಮ್ಮ ಬಟ್ಟೆಗಳಿಗೆ ಇಸ್ತ್ರಿ ಬೀಳುವುದು ಆಗಲೇ. ಅತ್ತಿಗೆ ಅಣ್ಣನ ಪ್ಯಾಂಟು ಎಳೆದುಕೊಂಡು, ಅಭ್ಯಾಸಬಲದಿಂದ ಜೇಬು ಹೊರಕ್ಕೆ ತೆಗೆದಳು. ಹಾಗೇ ನಿಂತಳು. ಇನ್ನೊಂದು ಪ್ಯಾಂಟಿನ ಜೇಬು ತೆಗೆದಳು. ಮೂರನೆಯದನ್ನೂ.

"ಇಲ್ಲಿ ಬಾರೇ. ನಿಮ್ಮಣ್ಣ ಯಾವಾಗಿಂದ ಜೇಬು ಕೊಡವೋಕೆ ಶುರು ಮಾಡಿದ?"

ನಮ್ಮಣ್ಣನ ಜೇಬು ಅಂದರೆ ಗುಜರಿ ಅಂಗಡಿ. ಸ್ಕ್ರೂ, ಬಿಸ್ಕತ್ತಿನ ಪುಡಿ, ಮುರಿದ ಪೆನ್ನು. ಅವು ಸೋಪಿನ ನೀರಿನಲ್ಲಿ ಮಿಂದು ಹೊರಬಂದು ಎಷ್ಟು ಸಲ ಅತ್ತಿಗೆಯ ಕೈಲಿ ಬೈಸಿಕೊಂಡಿವೆ! ಈಗ ನೋಡಿದರೆ ಹೊಲಿಗೆಯ ಮೂಲೆಯಲ್ಲಿ ಕೂರುವ ನೂಲಿನ ಕಸ ಕೂಡ ಇಲ್ಲ. ಬೆರಳು ಹಾಕಿ, ಮೂಲೆ ಕೆದಕಿ, ಉಜ್ಜಿ ತೆಗೆದ ಹಾಗಿತ್ತು.

"ಒಳ್ಳೇದಾಯ್ತಲ್ಲ. ಕೊನೆಗೂ ಬುದ್ಧಿ ಬಂತು," ಅಂದೆ.

"ಬುದ್ಧಿ ಬಂದೋರು ಕಾಲ್ಚೀಲಾನೂ ಸುತ್ತಿಟ್ಟಿರ್ತಾರೆ. ಅದು ಮಂಚದ ಕೆಳಗೇ ಬಿದ್ದಿದೆ. ಜೇಬು ಮಾತ್ರ ಯಾಕೆ?"

"ಯಾರಾದ್ರೂ ಹೆಂಗಸು..." ಅಂದು ನಾಲಿಗೆ ಕಚ್ಚಿಕೊಂಡೆ.

"ಹೆಂಗಸಾದ್ರೆ ಕಾಲರ್ ತಿಕ್ಕಿರೋನು. ಜೇಬಿನ ಮೂಲೇಲಿ ಚೂರು ಉಳಿಯೋದು ಕಾಗದದ್ದು. ಇದು ಯಾವ್ದೋ ಚೀಟಿ ವಿಷ್ಯ."

ಆಮೇಲೆ ಒಂದೊಂದಾಗಿ ನೆನಪಾಯಿತು. ತಿಂಗಳಲ್ಲಿ ಮೂರು ಸಲ ಸ್ಕೂಟರ್ ಪಂಕ್ಚರ್, ಮೂರೂ ಸಲ ನಾಲ್ಕು ಗಂಟೆಗೇ. ಆ ಹೊತ್ತಿಗೆ ಫೋನ್ ಮಾಡಿದರೆ ಸಿಡಿಮಿಡಿ. ಎಲ್ಲಿದ್ದೆ ಅಂದರೆ ಉತ್ತರಕ್ಕಿಂತ ಮೊದಲು ಕೋಪ. ಹಳೇ ಗಿರಾಕಿಯ ಹತ್ತಿರ ಕೈಸಾಲ ಕೇಳಿದ್ದಾನೆ ಅಂತ ಯಾರೋ ಅಂದಾಗ ನಾನೇ ಅವರ ಮೇಲೆ ಹರಿಹಾಯ್ದಿದ್ದೆ. ಇಷ್ಟೆಲ್ಲ ಕಣ್ಣ ಮುಂದಿತ್ತು, ನಾವು ಮಾತ್ರ ಒಗೆಯುವವಳ ಚೀಲ ನೋಡುತ್ತಿದ್ದೆವು.

ನಾವು ಮನೆಗೆ ಹೋದಾಗ ಅಣ್ಣ ಊಟಕ್ಕೆ ಕೂತಿದ್ದ. ಅತ್ತಿಗೆ ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟು ಎತ್ತಿದಳು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ, ನಾಲ್ಕು ಗಂಟೆಗೆ ಫಲಿತಾಂಶ ಬರುವ ಲಾಟರಿ ಟಿಕೆಟ್ಟುಗಳ ಕಟ್ಟು, ಇಟ್ಟಿಗೆಯಷ್ಟು ದಪ್ಪ. ಅದರ ಕೆಳಗೆ ಮಡಚಿದ ಒಂದು ಕಂದು ಲಕೋಟೆ. ಖಾಲಿ. ಮೇಲೆ ನೊರೆ ಅಕ್ಕನ ಸೊಟ್ಟ ಅಕ್ಷರದಲ್ಲಿ ಚೀಟಿಯ ನಂಬರು.

ಅಣ್ಣನ ತಟ್ಟೆಯ ಪಕ್ಕ ಅವೆರಡನ್ನೂ ಇಟ್ಟಾಗ ಅವನು ಮೊದಲು ರೇಗಿದ. ಆಮೇಲೆ ಸುಳ್ಳು ಹೇಳಿದ. ಕೊನೆಗೆ ಅತ್ತ. "ಹೋದ ದುಡ್ಡು ಒಂದ್ಸಲ ವಾಪಸ್ ಬಂದ್ರೆ ಸಾಕಿತ್ತು, ಅಡ ಇಟ್ಟ ಗುಂಡಿ ಬಿಡಿಸ್ಕೊಂಡು ಬಂದು ಆಟ ಬಿಟ್ಬಿಡ್ತಿದ್ದೆ," ಅಂದ. ಅದಕ್ಕೂ ಯಾರೂ ಕರಗದಿದ್ದಾಗ ಪಕ್ಕದಲ್ಲೇ ಊಟಕ್ಕೆ ಕೂತಿದ್ದ ನಮ್ಮ ಅಪ್ಪನ ಕಡೆ ತಿರುಗಿದ. "ನೀನೂ ವಾರವಾರ ತಗೊಳ್ತೀಯಲ್ಲಪ್ಪ?"

ನಿಜವೇ. ಅಪ್ಪ ವಾರಕ್ಕೊಂದು ಟಿಕೆಟ್ಟು ಕೊಂಡು ಗಡಿಯಾರದ ಹಿಂದೆ ಸಿಕ್ಕಿಸುತ್ತಾನೆ. ಕೈ ಬಿಗಿಯಿದ್ದ ವಾರ ಕೊಳ್ಳುವುದಿಲ್ಲ. ಎಷ್ಟೋ ಸಲ ಫಲಿತಾಂಶ ನೋಡುವುದನ್ನೇ ಮರೆಯುತ್ತಾನೆ.

ಅಪ್ಪ ಗಡಿಯಾರದ ಕಡೆ ಕೈ ತೋರಿಸಿದ. "ನಂದು ಅಲ್ಲಿದೆ ನೋಡು, ಎಲ್ರೂ ನೋಡೋ ಜಾಗದಲ್ಲಿ. ನಿಂದು ಯಾಕೋ ಸೀಟಿನ ಕೆಳಗೆ?"

ಅಣ್ಣ ತಟ್ಟೆ ಸರಿಸಿ ಎದ್ದುಹೋದ. ನನಗೆ ಅವನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಟಿಕೆಟ್ಟಿಗಲ್ಲ, "ಅವಳನ್ನ ಕಳಿಸು" ಅಂದದ್ದಕ್ಕೆ.

ಶನಿವಾರ ಅತ್ತಿಗೆ ಗುಂಡಿಗಳನ್ನು ಬಿಡಿಸಿ ತಂದಳು. ಹೇಗೆ ಅಂತ ನನಗೂ ಹೇಳಿಲ್ಲ, ಆದರೆ ಅವಳ ಕಿವಿ ಬರಿದಾಗಿತ್ತು. ಡಾಕ್ಟರ ಎದುರಿಗೆ ನೊರೆ ಅಕ್ಕನನ್ನು ಕರೆದು, "ಇವಳದೇನೂ ತಪ್ಪಿಲ್ಲ. ಕದ್ದಿದ್ದು ನನ್ನ ಗಂಡ," ಅಂದಳು. ನೊರೆ ಅಕ್ಕ ಕೈ ಒರೆಸಿಕೊಂಡು ಕೇಳಿಸಿಕೊಂಡಳು, ಮತ್ತೆ ಒಳಗೆ ಹೋಗಿ ಬಟ್ಟೆ ತಿಕ್ಕಿದಳು. ಕೆಲಸ ಬಿಡಲಿಲ್ಲ. ಆದರೆ ಸೋಮವಾರದಿಂದ ಅವಳ ಚೀಲದ ಜಾಗ ಬದಲಾಯಿತು. ಕೌಂಟರಿನ ಪಕ್ಕದ ಮೊಳೆಗೆ, ಬಾಯಿ ಪೂರ್ತಿ ತೆರೆದು ನೇತುಹಾಕುತ್ತಾಳೆ. ಒಳಗಿನ ಬಾಚಣಿಗೆ, ಮುಲಾಮು, ಡಬ್ಬಿ ಹೋಗಿಬರುವವರಿಗೆಲ್ಲ ಕಾಣುತ್ತವೆ.

"ಮುಚ್ಚಿಡು ನೊರೆ ಅಕ್ಕ," ಅಂತ ಅತ್ತಿಗೆ ಹೇಳಿದಾಗಲೆಲ್ಲ, "ಇರ್ಲಿ ಅಮ್ಮ, ನೋಡೋರಿಗೆ ಅನುಕೂಲ," ಅನ್ನುತ್ತಾಳೆ.

ಅಣ್ಣ ವಾರಕ್ಕೊಮ್ಮೆ ಚಟ ಬಿಡಿಸುವ ಕೇಂದ್ರಕ್ಕೆ ಹೋಗತೊಡಗಿದ. ಹೋದನೋ ಇಲ್ಲವೋ ಅಂತ ಅತ್ತಿಗೆ ಅಲ್ಲಿಗೇ ಫೋನ್ ಮಾಡಿ ಕೇಳುತ್ತಾಳೆ. ಮೂರು ತಿಂಗಳಾದ ಮೇಲೆ ಒಂದು ಶುಕ್ರವಾರ ಅವನ ಪ್ಯಾಂಟಿನ ಜೇಬು ತೆಗೆದರೆ ಎರಡು ಸ್ಕ್ರೂ, ಬಿಸ್ಕತ್ತಿನ ಪುಡಿ, ಒಂದು ಲಾಟರಿ ಟಿಕೆಟ್ಟು. ಅತ್ತಿಗೆ ಟಿಕೆಟ್ಟನ್ನು ಕಂದು ಲಕೋಟೆಗೆ ಹಾಕಿ, ಗಿರಾಕಿಗೆ ಚುಚ್ಚುವ ಹಾಗೆಯೇ ಪ್ಯಾಂಟಿಗೆ ಚುಚ್ಚಿ, ಅವನು ಬರುವವರೆಗೆ ಕಾದಳು.

ಅಣ್ಣ ಲಕೋಟೆ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತ. "ನಿನ್ನೆ ಕೈ ತಡೀಲಿಲ್ಲ ಕಣೆ. ಬಾಯಲ್ಲಿ ಹೇಳೋಕೂ ಆಗ್ಲಿಲ್ಲ. ನೀನೇ ನೋಡ್ಲಿ ಅಂತ ಜೇಬಲ್ಲೇ ಬಿಟ್ಟೆ. ನಾಳೆ ಕೇಂದ್ರಕ್ಕೆ ನನ್ಜೊತೆ ಬರ್ತೀಯಾ?"

"ಬರ್ತೀನಿ," ಅಂದಳು ಅತ್ತಿಗೆ. ಹಾಗೆ ಅಂದವಳೇ ಹೊರಗೆ ಹೋಗಿ ಸ್ಕೂಟರಿನ ಸೀಟು ಎತ್ತಿ ನೋಡಿದಳು. ಏನೂ ಇರಲಿಲ್ಲ. ಮ್ಯಾಟಿನ ಕೆಳಗೂ ನೋಡಿದಳು.

ಒಳಗೆ ಬಂದಾಗ ನೊರೆ ಅಕ್ಕ ಮನೆಗೆ ಹೊರಟಿದ್ದಳು. ಅತ್ತಿಗೆ ಮೊಳೆಯಿಂದ ಚೀಲ ತೆಗೆದು, ಒಳಗೆ ಕಣ್ಣು ಹಾಯಿಸದೆ, ಬಾಯಿ ಮುಚ್ಚಿ, ದಾರ ಬಿಗಿದು ಗಂಟು ಹಾಕಿ ಅವಳ ಕೈಗೆ ಕೊಟ್ಟಳು. ಅತ್ತಿಗೆಯ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನೊರೆ ಅಕ್ಕ ಚೀಲ ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು, ಒದ್ದೆಯಲ್ಲಿ ಸುಕ್ಕಾದ ಬೆರಳುಗಳಿಂದ ನಿಧಾನವಾಗಿ ಆ ಗಂಟು ಬಿಚ್ಚಿ, ಚೀಲದ ಬಾಯಿ ಅಗಲಿಸಿಕೊಂಡು ಮೆಟ್ಟಿಲಿಳಿದು ಹೋದಳು.