ಆಯಿ ಹಿಡಿದುಕೊಂಡು ಹೋದ ಸಾಕ್ಷಿ

ಗೆಳೆಯರೇ, ಇವತ್ತು ಸಂಜೆ ಅವರ್ಸಾ ಊರಿನ ನಮ್ಮ ಗದ್ದೆ ಹೊಂಬಣ್ಣದಲ್ಲಿ ತೇಲುತ್ತಿತ್ತು. ನೋಡಲು ಚಂದ, ಆದರೆ ಅದು ರೋಗದ ಬಣ್ಣ. ಬೆಳಿಗ್ಗೆ ಬಂದಿದ್ದ ಕೃಷಿ ಇಲಾಖೆಯವರು, “ಇದು ವೈರಸ್ಸು. ಹಸಿರು ಜಿಗಿಹುಳು ಗಿಡದಿಂದ ಗಿಡಕ್ಕೆ ಒಯ್ತದೆ. ಹಳದಿಯಾದದ್ದನ್ನ ಕಿತ್ತು ಹುಗಿದುಬಿಡಿ” ಎಂದಿದ್ದರು. ಆಯಿ, ಅಂದರೆ ನನ್ನ ಅಮ್ಮ, ಭತ್ತದ ಒಂದು ಬುಡ ಕಿತ್ತಳು, ಆದರೆ ಹುಗಿಯಲಿಲ್ಲ. ಅದನ್ನೇ ಹಿಡಿದುಕೊಂಡು ಸೀದಾ ಪಕ್ಕದ ತುಳಸಕ್ಕನ ಗದ್ದೆಗೆ ಇಳಿದಳು.

“ನೋಡು ಮಾರಾಯ್ತಿ, ನಿನ್ನ ಗದ್ದೆ ಹುಳ ಮಾಡಿದ ಕೆಲಸ!”

“ನನ್ನ ಬತ್ತ ಹಸಿರೇ ಅದೆ. ನನ್ನ ಹುಳಕ್ಕೆ ರೋಗ ಎಲ್ಲಿಂದ ಬಂತೇ?” ಎಂದಳು ತುಳಸಕ್ಕ.

ಆಯಿ ಸಿಟ್ಟಿನಿಂದ ಆ ಬುಡವನ್ನು ಅವಳ ಮುಖದೆದುರು ಝಾಡಿಸಿದಳು. ಕಡಲ ಕಡೆಯ ಇಳಿಬಿಸಿಲಿನಲ್ಲಿ ಹಸಿರು ಚುಕ್ಕೆಗಳು ಚಿಮ್ಮಿ, ಕನಸಿನಲ್ಲೆಂಬಂತೆ ತುಳಸಕ್ಕನ ಹಸಿರಿನೊಳಗೆ ಕರಗಿಹೋದವು. ಬದುವಿನ ಮೇಲೆ ನಿಂತಿದ್ದ ನನಗೆ ಆ ಚಂದದಲ್ಲಿ ಕೂಗುವುದೇ ಮರೆತುಹೋಯಿತು.

ಇನ್ನು ಕೆಲವು ದಿನಕ್ಕೆ ತುಳಸಕ್ಕನೂ ಒಂದು ಹಳದಿ ಬುಡ ಹಿಡಿದು ಬರುತ್ತಾಳೆ. ಆಗ ಆಯಿ, “ಹುಳ ಹಾರಿ ಬಂದ್ರೆ ನಾವೇನ್ ಮಾಡೂದು?” ಎನ್ನುತ್ತಾಳೆ. ಹುಳ ಹಾರಿ ಹೋಗಲಿಲ್ಲ, ಆಯಿಯ ಕೈಯಲ್ಲಿ ಕೂತು ಹೋಯಿತು ಎಂಬುದು ಸದ್ಯ ನನಗೂ ನಿಮಗೂ ಮಾತ್ರ ಗೊತ್ತು.