ನರ್ಸಮ್ಮ ಬಿಟ್ಟ ಬೆಲ್ಲ

ಯುಗಾದಿ ದಿನ ಬೇವು ಬೆಲ್ಲ ಕೊಟ್ಟರೆ ಬೇವಷ್ಟೇ ಆರಿಸಿ ತಿಂದು, ಬೆಲ್ಲ ವಾಪಸ್ ಕೊಡೋರನ್ನ ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೀನಿ. ತುರುವೇಕೆರೆಯಲ್ಲಿ ನಮ್ಮ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಗೆ ಬಾಡಿಗೆಗೆ ಬಂದಿದ್ದ ನರ್ಸಮ್ಮ. ಎಪ್ಪತ್ತರ ದಶಕದ ಮಾತು. ಆಸ್ಪತ್ರೆ ಕೆಲಸ, ಕ್ರೈಸ್ತರ ಪೈಕಿ, ಒಂಟಿ ಹೆಂಗಸು.

"ನಮಗೀಗ ತಪಸ್ಸು ಕಾಲ ಕಣಮ್ಮ. ಈಸ್ಟರ್ ಹಬ್ಬದ ತನಕ ಸಿಹಿ ಬಿಟ್ಟಿದ್ದೀನಿ," ಅಂತ ನಕ್ಕಳು.

ನಮ್ಮತ್ತೆಯ ಮುಖ ಕಪ್ಪಿಟ್ಟಿತು. ನಾನು ತುಂಬು ಬಸುರಿ. ಅದಕ್ಕೂ ಮುಂಚೆ ಎರಡು ಕೂಸು ಮಣ್ಣಿಗಿಟ್ಟ ಮನೆ ನಮ್ಮದು. ಅಂಥ ಮನೆಯಲ್ಲಿ ವರ್ಷದ ಮೊದಲ ದಿನ ಬರೀ ಕಹಿ ತಿಂದರೆ ಏನರ್ಥ?

ಅವತ್ತಿಂದ ಅತ್ತೆ ಸೊಸೆ ಇಬ್ಬರೂ ಪೊಲೀಸರೇ. ನರ್ಸಮ್ಮ ಸಕ್ಕರೆ ಇಲ್ಲದ ಕಾಫಿ ಕುಡಿಯೋಳು. ಮಂಚ ಇದ್ದರೂ ಬರಿ ನೆಲದ ಮೇಲೆ ಮಲಗೋಳು. ಬೆಳಿಗ್ಗೆ ನಾನು ಬಾಗಿಲು ಸಾರಿಸೋ ಹೊತ್ತಿಗೆ ಮಂಡಿಯೂರಿ, ಜಪಸರ ಹಿಡಿದು ಪಿಟಿಪಿಟಿ ಅನ್ನೋಳು.

"ಏನೋ ಮಾಡ್ತವ್ಳೆ ಕಣೇ," ಅಂದರು ಅತ್ತೆ.

ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಹೋಗಿ ಕೇಳಿಯೇಬಿಟ್ಟೆ. "ಯಾರಿಗೋಸ್ಕರ ಇದೆಲ್ಲ?"

"ಈ ಸಲ ನಿಮ್ಮ ಕೂಸಿಗೋಸ್ಕರ ದೇವರಿಗೆ ಒಪ್ಪಿಸಿದ್ದೀನಿ," ಅಂದಳು. ಎಷ್ಟು ಸಲೀಸಾಗಿ ಅಂದಳು, ಮಾರಾಯ್ತಿ!

ಬೆಂಕಿಗೆ ತುಪ್ಪ ಸುರಿದಂಗಾಯ್ತು. ನಮ್ಮ ಕಡೆ ದೇವರ ಹತ್ತಿರ ಸುಮ್ಮನೆ ಏನೂ ನಡೆಯಲ್ಲ. ನೀನು ಇದು ಕೊಟ್ಟರೆ ನಾನು ಅದು ಕೊಡ್ತೀನಿ ಅಂತ ಮಾತಾಗಬೇಕು. ಅತ್ತೆ ಆಗಲೇ ಮನೆದೇವರಿಗೆ ಹಳದಿ ಬಟ್ಟೆಯಲ್ಲಿ ತೆಂಗಿನಕಾಯಿ ಕಟ್ಟಿ, ಮೊದಲ ಕೂದಲು ಅಲ್ಲೇ ಕೊಡ್ತೀವಿ ಅಂತ ಹರಕೆ ಹೊತ್ತಿದ್ದರು. ಈಗ ನೋಡಿದರೆ ಇವಳೂ ಹೊತ್ತಿದ್ದಾಳೆ.

"ಹರಕೆ ಹೊತ್ತೋರು ಸುಮ್ನಿರ್ತಾರಾ? ನಾಳೆ ಬಂದು ಕೂಸು ಕೇಳ್ತಾಳೆ. ತಲೆ ಮೇಲೆ ನೀರು ಹುಯ್ದು ತಮ್ಮೋರ ಮಾಡ್ಕಂತಾಳೆ, ನೋಡ್ತಿರು," ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತು. ಬಿಟ್ಟಿಯಾಗಿ ಯಾರು ಯಾರಿಗೆ ಬೆಲ್ಲ ಬಿಡ್ತಾರೆ?

ಅವರ ಶುಭ ಶುಕ್ರವಾರದ ದಿನವೇ ನನಗೆ ನೋವು ಬಂತು. ಹೆರಿಗೆ ಮಾಡಿಸೋಕೆ ಬಂದ ನರ್ಸಮ್ಮ ಉಪವಾಸ, ತುಟಿ ಒಣಗಿತ್ತು. ಕರುಳಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಅವಳ ಕೈ ಮಾತ್ರ ಅಲುಗಲಿಲ್ಲ. ಬಿಡಿಸಿ, ಬೆನ್ನು ತಟ್ಟಿದಳು. ಕೂಸು ಅತ್ತಿತು, ನಾನೂ ಅತ್ತುಬಿಟ್ಟೆ. ನಮ್ಮತ್ತೆ ಅವಳಿಗೆ ಕೈ ಮುಗಿದರು, ಮರುಗಳಿಗೆಗೇ ಕೂಸನ್ನು ಕಸಿದು ಸೆರಗಲ್ಲಿ ಮುಚ್ಚಿಕೊಂಡರು. ಆಮೇಲೆ ಮುಟ್ಟಗೊಡಲಿಲ್ಲ.

ಭಾನುವಾರ ಈಸ್ಟರ್ ಹಬ್ಬಕ್ಕೆ ತುಮಕೂರಿನ ಚರ್ಚಿಗೆ ಹೋಗಿದ್ದ ನರ್ಸಮ್ಮ ಬಸ್ಸಿಳಿದವಳೇ ಬಾಣಂತಿ ಕೋಣೆಯ ಬಾಗಿಲಿಗೆ ಬಂದು ನಿಂತಳು. ಬಿಳಿ ಸೀರೆ, ತಲೆಗೆ ಮಲ್ಲಿಗೆ.

"ಅಮ್ಮಾ, ಒಂದು ಕೇಳಬೇಕಿತ್ತು."

ಬಂತಲ್ಲಪ್ಪ! ಅತ್ತೆ ಕೂಸನ್ನು ಎದೆಗೆ ಅವುಚಿಕೊಂಡರು. ಪ್ರಾಣ ಬೇಕಾದ್ರೆ ಕೇಳು ತಾಯಿ, ಕೂಸು ಕೊಡಲ್ಲ ಅನ್ನೋ ಮಾತು ನಾಲಿಗೆ ತುದಿಯಲ್ಲಿತ್ತು.

"ಕೇಳು," ಅಂದೆ.

"ಯುಗಾದಿ ದಿನ ಬೆಲ್ಲ ತಿನ್ನಲಿಲ್ಲವಲ್ಲ. ಇವತ್ತು ಒಂದು ಚೂರು ಕೊಡ್ತೀರಾ?"

ಅತ್ತೆ ಅವಳ ಮುಖವನ್ನೇ ದಿಟ್ಟಿಸಿದರು. "ಅಷ್ಟೇನಾ?"

"ಅಷ್ಟೇ ಕಣಮ್ಮ."

ಬೆಲ್ಲ ಅಡುಗೆಮನೆಯಲ್ಲಿತ್ತು. ತರಬೇಕಾದರೆ ಕೂಸನ್ನು ಯಾರಿಗಾದರೂ ಕೊಡಬೇಕು. ನಾನು ಮಲಗಿದ್ದಲ್ಲಿಂದಲೇ ಕೈ ಚಾಚಿದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಕೂಸನ್ನು ಅವಳ ಕೈಗಿಟ್ಟು, ಒಳಗೆ ಹೋದರು.