ಮಿಲಿಟ್ರಿ ಮಾವಯ್ಯ ಮತ್ತು ಫ್ಲೆಕ್ಸಿನಲ್ಲಿದ್ದ ಮುಖ

ಮೊನ್ನೆ ನಮ್ಮ ಸ್ವಸಹಾಯ ಸಂಘದ ವಾರ್ಷಿಕ ಸಭೆಗೆ ಫ್ಲೆಕ್ಸ್ ಮಾಡಿಸಲು ಕುಂದಾಪುರಕ್ಕೆ ಹೋಗಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದದ್ದನ್ನು ಅಂಗಡಿಯವರು ನನ್ನ ಮುಂದೆ ಬಿಡಿಸಿ ಹಿಡಿದರು. ಬಣ್ಣದ್ದೋ ಪ್ಲಾಸ್ಟಿಕ್ಕಿನದೋ, ಮೂಗಿಗೆ ಅಡರುವಂಥ ಒಂದು ವಾಸನೆ... ಅಕ್ಷರ ತಪ್ಪಿದೆಯೇ ಎಂದು ನೋಡಬೇಕಾದವಳು ಅದನ್ನು ಮರೆತು ಸುಮ್ಮನೆ ನಿಂತುಬಿಟ್ಟೆ. ಮಿಲಿಟ್ರಿ ಮಾವಯ್ಯ ನೆನಪಾಗಿದ್ದರು.

ಸಂಬಂಧದಲ್ಲಿ ಅವರು ನನಗೆ ಮಾವನಲ್ಲ. ಬಿಜೂರಿನಲ್ಲಿ ನಮ್ಮ ಗದ್ದೆಯ ಆಚೆ ಬದಿಯ ಮನೆಯವರು. ಸೇನೆಯಿಂದ ನಿವೃತ್ತರಾಗಿ ಬಂದು ಎಷ್ಟೋ ವರ್ಷಗಳಾಗಿದ್ದವು. ಯುದ್ಧದ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಸಾಂಬಾರಿನ ಉಪ್ಪು ನೋಡಲು ಅವರ ಅಂಗೈಗೇ ಮೊದಲು ಹನಿಸುತ್ತಿದ್ದರು. ಅದೇಕೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ನಾನಾಗ ಕುಂದಾಪುರದ ಒಂದು ಟಾಕೀಸಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದೆ. ಜನ ಮೊಬೈಲಿನಲ್ಲೇ ಸಿನಿಮಾ ನೋಡತೊಡಗಿ ನಮ್ಮ ಕುರ್ಚಿಗಳು ಖಾಲಿ ಬಿದ್ದಿದ್ದವು. ಅಷ್ಟರಲ್ಲಿ ಯುದ್ಧದ ಸಿನಿಮಾವೊಂದು ಬರುವುದೆಂದಾಯಿತು. ಟಾಕೀಸಿನ ಧಣಿಗಳು ನನ್ನನ್ನು ಕರೆದರು.

"ನಿಮ್ಮೂರಂಗೆ ಒಬ್ರ್ ಮಿಲಿಟ್ರಿಯವ್ರ್ ಇದ್ರಲೆ? ಮೊದಲ್ನೇ ಆಟಕ್ಕೆ ಕರ್ಕಂಡ್ ಬಾ. ಶಾಲ್ ಹೊದ್ಸುವ. ಅವ್ರದ್ ದೊಡ್ಡ ಫ್ಲೆಕ್ಸ್ ಹಾಕುವ. ಇದೂ ಓಡದಿದ್ರೆ ಬಾಗ್ಲ್ ಹಾಕೂದೇ."

ಬಾಗಿಲು ಹಾಕಿದರೆ ನನ್ನ ಕೆಲಸವೂ ಹೋಗುತ್ತಿತ್ತು. ಮರುದಿನವೇ ಮಾವಯ್ಯನ ಮನೆಗೆ ಹೋದೆ. ಅವರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

"ನಾನ್ ಎಂತ ಹೇಳೂದ್ ಅಲ್ಲಿ?"

"ಯುದ್ಧದ್ ಬಗ್ಗೆ ಎರಡ್ ಮಾತ್, ಮಾವಯ್ಯ. ಅಷ್ಟೇ."

ಅವರು ಮತ್ತೊಂದು ಕಾಯಿ ಎತ್ತಿಕೊಂಡರು. ಒಳಗಿನಿಂದ ಅವರ ಹೆಂಡತಿ, ನಾನು ಅತ್ತೆ ಎನ್ನುವವರು, "ಹೋಯಿ ಬನ್ನಿ, ಹುಡ್ಗಿ ಅಷ್ಟ್ ಹೇಳ್ತಿತ್ತ್," ಎಂದರು. ಹೊರಡುವಾಗ ಚಾವಡಿಯ ಗೋಡೆಯಲ್ಲಿದ್ದ ಹಳೆಯ ಪಟವನ್ನು ಅತ್ತೆಯನ್ನು ಕೇಳಿ ಮೊಬೈಲಿನಲ್ಲಿ ಹಿಡಿದುಕೊಂಡೆ. ಸಮವಸ್ತ್ರದ ಇಬ್ಬರು ಹುಡುಗರು ಹೆಗಲಿಗೆ ಹೆಗಲು ತಾಗಿಸಿ ನಿಂತ ಪಟ ಅದು. ಇಬ್ಬರಿಗೂ ಎಳೆ ಮೀಸೆ. ಫ್ಲೆಕ್ಸಿನವರು "ಇದ್ರಲ್ಲಿ ಯಾರ್?" ಎಂದು ಕೇಳಿದಾಗ, "ಎಡಗಡೆಯವ್ರ್" ಎಂದೆ. ದಿನಾ ನೋಡುವ ಮುಖ, ತಪ್ಪಲು ಸಾಧ್ಯವೇ ಎಂಬ ಧೈರ್ಯ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಮಾವಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಕಿರಿಮಂಜೇಶ್ವರದಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೆ ನಮ್ಮ ಫ್ಲೆಕ್ಸ್ ಕಂಡಿತು. ಹಿಂದೆ ಬೆಂಕಿ, ಟ್ಯಾಂಕು. ಮುಂದೆ ಆ ಮುಖ. ಕೆಳಗೆ ಮಾವಯ್ಯನ ಹೆಸರು, 'ನಮ್ಮೂರ ವೀರ ಯೋಧ' ಎಂದು. ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಬಗ್ಗಿ ನೋಡಿದರು.

"ಅದ್ ನಾನಲ್ಲ."

ನನಗೆ ಅರ್ಥವಾಗಲಿಲ್ಲ. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಅದು ಪಟದಲ್ಲಿದ್ದ ಇನ್ನೊಬ್ಬ ಹುಡುಗನೆಂದು ನನಗೆ ಹೊಳೆದದ್ದು ಬಸ್ಸು ಮರವಂತೆ ದಾಟಿದ ಮೇಲೆ.

"ತೆಗೆಸ್ತೆ ಮಾವಯ್ಯ. ಈಗ್ಲೇ ಫೋನ್ ಮಾಡ್ತೆ."

"ತೆಗುದ್ ಬೇಡ. ಅವ್ನ್ ಪಟ ಯಾರೂ ಎಲ್ಲೂ ಹಾಕ್ಲಿಲ್ಲ, ಮಗಾ. ಇರ್ಲಿ."

ಸಿಟ್ಟೋ ಸಂತೋಷವೋ, ಆ ದನಿಯಲ್ಲಿ ನನಗೆ ಎರಡೂ ತಿಳಿಯಲಿಲ್ಲ.

ಟಾಕೀಸಿನೆದುರು ಜನ ಸೇರಿದ್ದರು. ಎಷ್ಟೋ ದಿನಗಳ ಮೇಲೆ ನನ್ನ ಕಿಟಕಿಯ ಮುಂದೆ ಸಾಲು ನಿಂತಿತ್ತು. ಧಣಿಗಳ ಕಿವಿಯಲ್ಲಿ ವಿಷಯ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಯಾರಿಗ್ ಗೊತ್ತಾತ್ತ್? ಸುಮ್ನಿರ್," ಎಂದರು. ಸುಮ್ಮನಾದೆ.

ಪರದೆಯ ಮುಂದೆ ಕುರ್ಚಿ ಹಾಕಿ ಮಾವಯ್ಯನಿಗೆ ಶಾಲು ಹೊದಿಸಿದರು. ಹಣ್ಣಿನ ತಟ್ಟೆ ಹಿಡಿದು ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದರು.

"ಹೊರ್ಗೆ ಹಾಕಿದ್ ಪಟ ನಂದಲ್ಲ," ಎಂದರು. ಆಮೇಲೆ ಆ ಪಟದಲ್ಲಿದ್ದವನ ಹೆಸರು ಹೇಳಿದರು. ಅದೇ ಗಳಿಗೆಗೆ ಮೈಕು ಕುಂಯ್ ಎಂದು ಕೂಗಿತು. ಹಿಂದಿನವರು ಕಿವಿ ಮುಚ್ಚಿಕೊಂಡರು. ಮಾವಯ್ಯ ಅದು ನಿಲ್ಲುವವರೆಗೆ ಕಾದು ಮುಂದುವರಿಸಿದರು. "ನಾನ್ ಅಡುಗಿಯವ. ಬಂದೂಕ್ ಹಿಡ್ಕಂಡ್ ಗುಡ್ಡ ಹತ್ತಿದ್ ಅಂವ. ಅವ್ನ್ ಪಾಲಿನ್ ರೊಟ್ಟಿ ನಾನ್ ತೆಗ್ದಿಟ್ಟಿದ್ದೆ. ಅಂವ ಬರ್ಲಿಲ್ಲ. ಮರುದಿನ ಬೆಳಿಗ್ಗೆ ನಂಗ್ ಹಸ್ವಾಯಿತ್ತ್. ಆ ರೊಟ್ಟಿ ನಾನೇ ತಿಂದೆ."

ಆಮೇಲೆ ಎಲ್ಲಿಂದಲೋ ಒಂದು ಚಪ್ಪಾಳೆ ಬಿತ್ತು. ಅದರ ಹಿಂದೆ ಇಡೀ ಟಾಕೀಸು ಚಪ್ಪಾಳೆ ತಟ್ಟಿತು, ಸಿಳ್ಳೆ ಹೊಡೆಯಿತು, ಜೈಕಾರ ಹಾಕಿತು. ದೊಡ್ಡವರು ತಮ್ಮನ್ನು ತಾವು ಹೀಗೆ ಸಣ್ಣದು ಮಾಡಿಕೊಂಡು ಹೇಳುವುದೇ ವಾಡಿಕೆ ಎಂದು ಜನ ತಿಳಿದಿರಬೇಕು. ಮಾವಯ್ಯ ಮೈಕು ಹಿಡಿದುಕೊಂಡೇ ನಿಂತಿದ್ದರು. ಅವರು ಚಪ್ಪಾಳೆಯನ್ನಲ್ಲ, ಇನ್ನೇನನ್ನೋ ಕಾಯುತ್ತಿದ್ದರು. ಯಾರಾದರೂ ಬೈಯಲಿ ಎಂದಿತ್ತೋ, ಹೋಗಲಿ ಬಿಡಿ ಎನ್ನಲಿ ಎಂದಿತ್ತೋ... ದೀಪ ಆರಿತು. ನಾನು ಅವರ ಕೈಹಿಡಿದು ಕೂರಿಸಿದೆ.

ಸಿನಿಮಾ ಪೂರ್ತಿ ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ, "ಅಷ್ಟ್ ಜನ ಇದ್ರಲೆ ಅದ್ರಲ್ಲಿ, ಅವ್ರೆಲ್ಲ ಉಂಬುದ್ ಎಲ್ಲಿ?" ಎಂದು ಕೇಳಿದರು. ನಾನು ನಕ್ಕೆ. ನಗಬೇಕಾದ ಮಾತೇ ಅದು? ಇವತ್ತಿಗೂ ಗೊತ್ತಾಗಿಲ್ಲ.

ಸಿನಿಮಾ ಎರಡು ವಾರ ಓಡಿತು. ಫ್ಲೆಕ್ಸುಗಳನ್ನು ಇಳಿಸಿದ ಮೇಲೆ ಯಾರೋ ಮೀನಿನ ಬಲೆ ಮುಚ್ಚಲು ಒಯ್ದರು. ಮರುವರ್ಷ ಟಾಕೀಸು ಹೇಗೂ ಮುಚ್ಚಿತು. ಮಾವಯ್ಯ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ. ಕಳೆದ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು.

ಫ್ಲೆಕ್ಸಿನಂಗಡಿಯಿಂದ ಬಂದ ಸಂಜೆಯೇ ಅತ್ತೆಯ ಮನೆಗೆ ಹೋದೆ. ಅವರು ಪಟವನ್ನು ಗೋಡೆಯಿಂದಿಳಿಸಿ ಸೆರಗಿನಲ್ಲಿ ಒರೆಸುತ್ತಿದ್ದರು.

"ಈ ಬದಿಯಂವ ಯಾರ್, ಮಗಾ? ನಂಗ್ ಒಂದಿನಾನೂ ಹೇಳ್ಲಿಲ್ಲ ಕಾಣ್. ಅಲ್ಲಿ ಮೈಕಂಗೆ ಹೆಸ್ರ್ ಹೇಳಿರ್ ಅಂಬ್ರ್, ಹೌದಾ?"

ಹೌದು, ಹೇಳಿದ್ದರು. ಅಷ್ಟು ಹತ್ತಿರದಲ್ಲಿ ನಿಂತು ಕೇಳಿದವಳು ನಾನೊಬ್ಬಳೇ. ಆ ಹೆಸರು ಮೂರಕ್ಷರದ್ದೋ ನಾಲ್ಕಕ್ಷರದ್ದೋ, ಯಾವ ಕಡೆಯದೋ... ಎಷ್ಟು ಹುಡುಕಿದರೂ ಸಿಗಲಿಲ್ಲ. ಅಲ್ಲಿಂದಲೇ ಧಣಿಗಳಿಗೆ ಫೋನು ಮಾಡಿ ಕೇಳಿದೆ. ಅವರಿಗೆ ಚಪ್ಪಾಳೆ ಬಿದ್ದದ್ದು ಮಾತ್ರ ನೆನಪಿತ್ತು. ಮಾವಯ್ಯ ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಒಂದೇ ಒಂದು ಸಲ ಹೊರಗೆ ಹೇಳಿದರು, ಅದೂ ನನ್ನ ಪಕ್ಕದಲ್ಲಿ ನಿಂತು.

"ಗೊತ್ತಿಲ್ಲ, ಅತ್ತೆ," ಎಂದೆ. ಅತ್ತೆ ಪಟವನ್ನು ಮತ್ತೆ ಗೋಡೆಗೆ ಸಿಕ್ಕಿಸಿದರು.